ವರಸೆಯೂ ವಿದ್ಯೆಯೂ: ಯುದ್ಧಕಲೆಯ ಚಲಚ್ಚಿತ್ರಗಳ ಗುಣವಿಚಾರ

'ಹೊಡೆದಾಟದ ಚಿತ್ರ' ಎಂಬ ಮಾತನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ತಿರಸ್ಕಾರದಿಂದಲೇ ಉಚ್ಚರಿಸುತ್ತಾರೆ. ಒಳ್ಳೆಯ ಕಾದಂಬರಿಯನ್ನು ಆಧರಿಸಿದ ಚಿತ್ರವಾದರೆ ಅದನ್ನು ಕುರಿತು ನಾಲ್ಕು ಮಾತು ಬರೆಯಬಹುದು. ಗಾಳಿಯಲ್ಲಿ ಕಾಲಾಡಿಸುವವರ ಚಿತ್ರಗಳಿಗೆ ವಿಮರ್ಶೆಯೇಕೆ ಎಂಬುದು ಅವರ ಭಾವನೆ. ಈ ಭಾವನೆಯನ್ನು ನಾವು ಒಪ್ಪಲಾರೆವು. ಕಾಳಗವು ಕಲೆಗೆ ಹೊರಗಾದ ವಸ್ತುವೇ ಆಗಿದ್ದ ಪಕ್ಷದಲ್ಲಿ ಪಂಪನ ಭಾರತದಲ್ಲಿಯೂ ರನ್ನನ ಗದಾಯುದ್ಧದಲ್ಲಿಯೂ ಉಳಿಯುವುದೆಷ್ಟು? ವೀರವನ್ನು ರಸಗಳಲ್ಲಿ ಒಂದೆಂದು ಎಣಿಸಿ, ಉತ್ಸಾಹವನ್ನು ಅದರ ಸ್ಥಾಯಿಭಾವವೆಂದು ಹೇಳಿದ ಶಾಸ್ತ್ರ ನಮ್ಮದು. ಅಲ್ಲದೆ ನಮ್ಮ ತರಗತಿಗಳಲ್ಲಿ ಕುಳಿತ ಹುಡುಗರು ಈ ಚಿತ್ರಗಳನ್ನು ನೋಡಿಯೇ ನೋಡುತ್ತಾರೆ. ಈಚೆಗಂತೂ ಚಿತ್ರಮಂದಿರದವರೆಗೆ ಹೋಗುವ ಶ್ರಮವೂ ಇಲ್ಲ, ಎಲ್ಲವೂ ಅಂಗೈಯ ಫೋನಿಗೇ ಬಂದು ಬೀಳುತ್ತದೆ. 'ನೋಡಬೇಡ' ಎನ್ನುವ ಉಪಾಧ್ಯಾಯರ ಮಾತು ಅವರ ಕಿವಿಗೆ ಬೀಳುವುದಿಲ್ಲ. ಇದು ಒಳ್ಳೆಯದು, ಇದು ಕಳಪೆ, ಕಾರಣ ಹೀಗೆ, ಎಂದು ಹೇಳಬಲ್ಲವರ ಮಾತು ಒಂದು ವೇಳೆ ಬಿದ್ದೀತು. ಅದಕ್ಕೆ ಒರೆಗಲ್ಲೊಂದು ಬೇಕು.

ಮೊದಲು ಒಂದು ಭೇದವನ್ನು ಹೇಳಬೇಕಾಗಿದೆ. ನಾಯಕನು ಹತ್ತು ಮಂದಿ ಕೇಡಿಗಳನ್ನು ಒದ್ದು ಕೆಡವುವ ಚಿತ್ರಗಳೆಲ್ಲ ಯುದ್ಧಕಲೆಯ ಚಿತ್ರಗಳಲ್ಲ. ಅಲ್ಲಿ ಬಲವಿದೆ, ವಿದ್ಯೆಯಿಲ್ಲ. ಯುದ್ಧಕಲೆ ಎಂದಾಗ ಅದಕ್ಕೊಂದು ಹೆಸರುಂಟು, ಗುರುವುಂಟು, ಪಾಠಕ್ರಮವುಂಟು, ಮಾಡಬಾರದ್ದು ಎಂಬ ಕಟ್ಟೂ ಉಂಟು. ಆದಕಾರಣ ಇಂತಹ ಚಿತ್ರದಲ್ಲಿ ನಾವು ಹುಡುಕಬೇಕಾದದ್ದು ಗೆಲುವನ್ನಲ್ಲ, ವಿದ್ಯೆಯನ್ನು. ಆ ವಿದ್ಯೆ ಮೈಯಲ್ಲಿ ಹೇಗೆ ಕಾಣುತ್ತದೆ, ಅದನ್ನು ಪಡೆಯಲು ಏನು ತೆತ್ತಿದ್ದಾರೆ, ಯಾರ ಸಲುವಾಗಿ ಅದನ್ನು ಬಳಸುತ್ತಾರೆ, ಎಲ್ಲಿ ಅದು ಕೈಕೊಡುತ್ತದೆ, ಇಷ್ಟನ್ನು ತೋರಿಸಬಲ್ಲ ಚಿತ್ರ ಒಳ್ಳೆಯದು. ಗೆಲುವನ್ನು ಮಾತ್ರ ತೋರಿಸುವುದು ಎಷ್ಟೇ ಹಣ ಸುರಿದು ಮಾಡಿದ್ದರೂ ಕಳಪೆಯೇ ಎಂಬುದು ನಮ್ಮ ಅಭಿಪ್ರಾಯ.

ಈ ಪ್ರಕಾರದ ತವರು ಹಾಂಗ್‌ಕಾಂಗ್. ಅಲ್ಲಿ ೧೯೪೯ರಲ್ಲಿಯೇ ವಾಂಗ್ ಫೇ-ಹಂಗ್ ಎಂಬ ಕ್ಯಾಂಟನ್ ಸೀಮೆಯ ನಿಜವಾದ ಮಲ್ಲಗುರುವೂ ವೈದ್ಯನೂ ಆಗಿದ್ದವನ ಕಥೆಗಳು ತೆರೆಗೆ ಬಂದವು. ಕ್ವಾನ್ ತಕ್-ಹಿಂಗ್ ಎಂಬ ನಟರು ಆ ಪಾತ್ರವನ್ನು ಹತ್ತಾರು ಚಿತ್ರಗಳಲ್ಲಿ ವಹಿಸಿದರು. ಆದರೆ ಈ ಚಿತ್ರಗಳಿಗೆ ಕಾವ್ಯದ ಶಿಸ್ತನ್ನು ತಂದುಕೊಟ್ಟವರು ಕಿಂಗ್ ಹೂ. ಇವರ 'ಕಮ್ ಡ್ರಿಂಕ್ ವಿತ್ ಮಿ' ೧೯೬೬ರದು. ದರೋಡೆಕೋರರ ಸೆರೆಯಲ್ಲಿರುವ ಅಣ್ಣನನ್ನು ಬಿಡಿಸಲು ತಂಗಿಯೊಬ್ಬಳು ಗಂಡುಡುಗೆಯಲ್ಲಿ ಹೊರಟು ಒಂದು ಛತ್ರದಂತಹ ಪಾನಗೃಹಕ್ಕೆ ಬರುತ್ತಾಳೆ. ಕೇಡಿಗಳು ಒಬ್ಬೊಬ್ಬರಾಗಿ ಬಂದು ಸುತ್ತಲಿನ ಮೇಜುಗಳಲ್ಲಿ ಕೂರುತ್ತಾರೆ, ಒಂದೊಂದು ಚೇಷ್ಟೆಯಿಂದ ಅವಳನ್ನು ಕೆಣಕಿ ನೋಡುತ್ತಾರೆ. ಕತ್ತಿ ಒರೆಯಿಂದ ಹೊರಬರುವುದಕ್ಕೆ ಮುಂಚೆ ಬಹಳ ಹೊತ್ತು ಸರಿಯುತ್ತದೆ. ಆ ಹೊತ್ತೆಲ್ಲ ಪ್ರೇಕ್ಷಕನು ನೋಡುವುದು ಅವಳ ಸ್ಥೈರ್ಯವನ್ನು. ಅವಳು ಗೆಲ್ಲುವಳೋ ಸೋಲುವಳೋ ಎಂಬುದಕ್ಕಿಂತ ಅವಳು ಎಂತಹವಳು ಎಂಬುದು ಆಗಲೇ ತಿಳಿದುಹೋಗಿರುತ್ತದೆ. ಪಾತ್ರ ವಹಿಸಿದ ಚೆಂಗ್ ಪೇ-ಪೇ ಮಲ್ಲವಿದ್ಯೆಯವರಲ್ಲ, ನೃತ್ಯ ಕಲಿತವರು. ಇದನ್ನು ಕೆಲವರು ಕೊರತೆಯೆಂದಾರು. ನಮಗೆ ಅದೇ ಗುಣವಾಗಿ ಕಂಡಿದೆ. ಹೆಜ್ಜೆಯ ತೂಕ, ತಿರುವಿನ ಲೆಕ್ಕ, ನಿಲ್ಲುವಲ್ಲಿ ನಿಲ್ಲುವುದು, ಇವು ನೃತ್ಯದಿಂದ ಬಂದವು. ಕಾಳಗಗಳನ್ನು ಹೊಂದಿಸಿದ ಹಾನ್ ಯಿಂಗ್-ಚಿಯೆ ಪೀಕಿಂಗ್ ಗೀತನಾಟಕದ ರಂಗದಿಂದ ಬಂದವರು. ಆ ರಂಗದ ತಾಳವಾದ್ಯದ ನಡೆ ಚಿತ್ರದ ಹೊಡೆತಗಳಲ್ಲಿಯೂ ಕೇಳಿಸುತ್ತದೆ.

ಪಾರ್ತಿಸುಬ್ಬನ ಕುಂಬಳೆಯ ಸುತ್ತಿನಲ್ಲಿ ಬೆಳೆದು, ಚೆಂಡೆಯ ಪೆಟ್ಟಿಗೆ ಯುದ್ಧದ ಕುಣಿತವನ್ನು ಕಂಡು ಬಲ್ಲ ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಯುಧಕ್ಕೆ ಆಯುಧ ತಾಗದಿದ್ದರೂ ಅಲ್ಲಿ ಯುದ್ಧ ನಡೆದದ್ದು ನಿಜವೆಂದೇ ನಮಗೆ ತೋರುತ್ತದೆ. ಏಕೆ? ಇಡೀ ಮೈ ಕಾಣುತ್ತದೆ, ಹೆಜ್ಜೆಗೆ ಹೆಜ್ಜೆ ಉತ್ತರ ಕೊಡುವುದು ಕಾಣುತ್ತದೆ. ಇದು ಚಲಚ್ಚಿತ್ರಕ್ಕೂ ಅನ್ವಯಿಸುವ ನಿಯಮ. ಮುಖವನ್ನೊಮ್ಮೆ, ಮುಷ್ಟಿಯನ್ನೊಮ್ಮೆ, ಬೀಳುವವನ ಬೆನ್ನನ್ನೊಮ್ಮೆ ತೋರಿಸಿ ಕತ್ತರಿಸಿ ಅಂಟಿಸಿದರೆ ಗಡಿಬಿಡಿ ಉಂಟಾಗುತ್ತದೆಯೇ ಹೊರತು ಕಾಳಗವಾಗುವುದಿಲ್ಲ. ನಟನಿಗೆ ವಿದ್ಯೆ ಬಾರದೆಂಬುದನ್ನು ಮರೆಮಾಚಲು ಸಂಕಲನಕಾರನ ಕತ್ತರಿಯನ್ನು ಬಳಸುವುದು ಈಗಿನ ದೊಡ್ಡ ದೊಡ್ಡ ಚಿತ್ರಗಳಲ್ಲಿಯೂ ಕಾಣಬರುವ ದೋಷ. ಇಂತಹ ದೃಶ್ಯ ಮುಗಿದ ಮೇಲೆ ಯಾರು ಎಲ್ಲಿದ್ದರು, ಯಾವ ಪಟ್ಟಿಗೆ ಯಾವ ಮರುಪಟ್ಟು ಬಿತ್ತು ಎಂದು ಕೇಳಿದರೆ ನೋಡಿದವನು ಹೇಳಲಾರ.

ಕಿಂಗ್ ಹೂ ಅವರ 'ಎ ಟಚ್ ಆಫ್ ಜೆನ್' ೧೯೭೧ರಲ್ಲಿ ತೆರೆಕಂಡು, ೧೯೭೫ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತಾಂತ್ರಿಕ ವಿಭಾಗದ ಶ್ರೇಷ್ಠ ಪುರಸ್ಕಾರವನ್ನು ಪಡೆಯಿತು. ಮೂರು ಗಂಟೆಗಳ ಚಿತ್ರ. ಪಾಳುಬಿದ್ದ ಕೋಟೆಯ ಬಳಿ ತಾಯಿಯೊಡನೆ ವಾಸಿಸುವ ಬಡ ಚಿತ್ರಕಾರ-ಪಂಡಿತನೊಬ್ಬನ ದಿನಚರಿ, ಜೇಡರ ಬಲೆ, ಹುಲ್ಲಿನ ಮೇಲಿನ ಗಾಳಿ, ಪಕ್ಕದ ಮನೆಗೆ ಬಂದ ಅಪರಿಚಿತ ಹೆಣ್ಣು, ಹೀಗೆ ಸುಮಾರು ಒಂದು ಗಂಟೆ ಕಳೆದ ಮೇಲೆಯೇ ಮೊದಲ ಕಾಳಗ. ಆತುರದ ಪ್ರೇಕ್ಷಕನು ಎದ್ದುಹೋದಾನು. ಆದರೆ ರನ್ನನು ಕೊನೆಯ ಗದೆಗಳ ಹೊಡೆತಕ್ಕೆ ನಮ್ಮನ್ನು ಎಷ್ಟು ಮೊದಲಿನಿಂದ ಸಿದ್ಧಪಡಿಸುತ್ತಾನೆಂಬುದನ್ನು ಪಾಠಮಾಡಿದವರು ಇದನ್ನು ದೋಷವೆನ್ನಲಾರರು. ಬಿದಿರು ಮೆಳೆಯೊಳಗಿನ ಕಾಳಗದಲ್ಲಿ ಆ ಹೆಣ್ಣು ಬಿದಿರಿನ ತುದಿಯಿಂದ ಹದ್ದಿನಂತೆ ಕೆಳಗೆರಗುವಾಗ, ಇಷ್ಟು ಹೊತ್ತೂ ಅವಳು ಅಡಗಿಸಿಟ್ಟುಕೊಂಡಿದ್ದ ಬಾಳೆಲ್ಲ ಒಮ್ಮೆಗೇ ಬಯಲಾದಂತಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು. ಮನುಷ್ಯರು ಹೀಗೆ ಹಾರುವುದು ಸುಳ್ಳಲ್ಲವೇ? ಸುಳ್ಳೇ. ಚಕೋರವು ಬೆಳುದಿಂಗಳನ್ನು ಕುಡಿಯುವುದೂ ಸುಳ್ಳೇ. ಕವಿಸಮಯವನ್ನು ಒಪ್ಪಿದವರು ಇದನ್ನು ಒಪ್ಪದಿರಲು ಕಾರಣವಿಲ್ಲ. ಹಾರಾಟಕ್ಕೂ ಒಂದು ಮಿತಿ, ಒಂದು ಕ್ರಮ ಇರಬೇಕು, ಅಷ್ಟೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಹಾರಬಹುದೆಂದಾದರೆ ಹಾರುವುದಕ್ಕೆ ಬೆಲೆಯಿಲ್ಲ.

ಉಪಾಧ್ಯಾಯರಾದ ನಮಗೆ ಅತ್ಯಂತ ಪ್ರಿಯವಾದ ಚಿತ್ರ ೧೯೭೮ರ 'ದಿ ತರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್', ಎಂದರೆ ಶಾವೊಲಿನ್ ಮಠದ ಮೂವತ್ತಾರನೆಯ ಕೋಣೆ. ನಿರ್ದೇಶಕರು ಲಾವ್ ಕಾರ್-ಲಿಯಂಗ್. ಇವರ ತಂದೆ ಲಾಮ್ ಸೈ-ವಿಂಗ್ ಎಂಬವರ ಶಿಷ್ಯರು, ಲಾಮ್ ಸೈ-ವಿಂಗ್ ಸಾಕ್ಷಾತ್ ವಾಂಗ್ ಫೇ-ಹಂಗನ ಶಿಷ್ಯರು. ಹೀಗೆ ಗುರುಪರಂಪರೆಯಲ್ಲಿ ಬಂದ ವಿದ್ಯೆಯವರೇ ಚಿತ್ರ ಮಾಡಲು ಕುಳಿತರೆ ಏನಾಗಬಹುದೆಂಬುದಕ್ಕೆ ಇದು ನಿದರ್ಶನ. ಕಥೆ ಸರಳ. ಮಂಚು ಅಧಿಕಾರಿಗಳ ದೌರ್ಜನ್ಯಕ್ಕೆ ಮನೆಮಂದಿಯನ್ನು ಕಳೆದುಕೊಂಡ ತರುಣನೊಬ್ಬನು ಸೇಡಿನ ವಿದ್ಯೆ ಬೇಕೆಂದು ಮಠವನ್ನು ಸೇರುತ್ತಾನೆ. ಅಲ್ಲಿ ಅವನಿಗೆ ಸಾನ್ ಟೆ ಎಂಬ ಹೆಸರಾಗುತ್ತದೆ. ಮಠದಲ್ಲಿ ಮೂವತ್ತೈದು ಕೋಣೆಗಳಿವೆ, ಒಂದೊಂದರಲ್ಲಿ ಒಂದೊಂದು ಪಾಠ. ಹುಡುಗ ನೇರವಾಗಿ ಎಲ್ಲಕ್ಕಿಂತ ಮೇಲಿನ ಕೋಣೆಗೆ ನುಗ್ಗುತ್ತಾನೆ. ಅಲ್ಲಿ ಮುದಿ ಸನ್ಯಾಸಿಗಳು ಸೂತ್ರಪಠನ ಮಾಡುತ್ತಿರುತ್ತಾರೆ. ಅವನಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಹೊರಗೆ ಬಂದು ಬೀಳುತ್ತಾನೆ. ಕೆಳಗಿನಿಂದ ಆರಂಭಿಸಬೇಕೆಂದು ತಿಳಿಯುತ್ತದೆ.

ಎಲ್ಲಕ್ಕಿಂತ ಕೆಳಗಿನ ಪಾಠವನ್ನು ನೋಡಿ. ಊಟದ ಮನೆಯ ಮುಂದೆ ನೀರು. ನೀರಿನಲ್ಲಿ ತೇಲುವ ಮರದ ತುಂಡುಗಳ ಕಟ್ಟು. ಅದರ ಮೇಲೆ ಕಾಲಿಟ್ಟು ದಾಟಿದವರಿಗೆ ಊಟ. ಹುಡುಗ ದಿನವೂ ನೀರಿಗೆ ಬೀಳುತ್ತಾನೆ. ಯಾರೂ ಹೇಳಿಕೊಡುವುದಿಲ್ಲ. ರಾತ್ರಿ ಒಬ್ಬನೇ ಬಂದು ಅಭ್ಯಾಸಮಾಡಿ, ಮೈಯನ್ನು ಹಗುರಮಾಡಿಕೊಳ್ಳುವ ಬಗೆ ಅವನಿಗೆ ತಾನಾಗಿ ಹೊಳೆಯಬೇಕು. ಮುಂದೆ ತೋಳಿಗೆ ಚೂರಿಗಳನ್ನು ಕಟ್ಟಿಕೊಂಡು, ಕೈಗಳನ್ನು ಚಾಚಿ ನೀರಿನ ಬಕೆಟ್ಟುಗಳನ್ನು ಹೊರುವುದು. ಕೈ ಇಳಿದರೆ ಚೂರಿ ಪಕ್ಕೆಗೆ ಚುಚ್ಚುತ್ತದೆ. ತುದಿ ಭಾರವಾದ ಉದ್ದನೆಯ ಗಳುವಿನಿಂದ ಗಂಟೆ ಬಾರಿಸುವುದು. ತಲೆಯಾಡಿಸದೆ ಕಣ್ಣಿನಿಂದಲೇ ಅಲುಗುವ ದೀಪವನ್ನು ಹಿಂಬಾಲಿಸುವುದು. ಮುಖ ತಿರುಗಿದರೆ ಊದುಕಡ್ಡಿಯ ಕೆಂಡ ತಾಗುತ್ತದೆ. ಮರಳ ಚೀಲಗಳಿಗೆ ಹಣೆಯಿಂದ ಡಿಕ್ಕಿಹೊಡೆಯುತ್ತ ಸಾಗುವುದು. ಇಷ್ಟು ಹೊತ್ತೂ ಒಬ್ಬ ಶತ್ರುವೂ ತೆರೆಯ ಮೇಲಿಲ್ಲ, ಆದರೂ ಪ್ರೇಕ್ಷಕನು ಕದಲುವುದಿಲ್ಲ. ಕಲಿಯುವುದೇ ಒಂದು ಸಾಹಸವೆಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೊಂದು ಚಿತ್ರವನ್ನು, ಶಾಲೆಯನ್ನೇ ವಸ್ತುವಾಗುಳ್ಳ ಚಿತ್ರಗಳಲ್ಲಿ ಸಹ, ನಾವು ಕಂಡಿಲ್ಲ.

ಎಲ್ಲ ಕೋಣೆಗಳನ್ನು ಮುಗಿಸಿದವನಿಗೆ ಹಿರಿಯ ಸನ್ಯಾಸಿಯೊಬ್ಬನು ಎದುರಾಳಿಯಾಗಿ ನಿಲ್ಲುತ್ತಾನೆ. ಜೋಡಿ ಕತ್ತಿಗಳ ಎದುರು ಶಿಷ್ಯನಿಗೆ ಸೋಲಾಗುತ್ತದೆ, ಮತ್ತೆ ಸೋಲಾಗುತ್ತದೆ. ಆಗ ಅವನು ಮೂರು ತುಂಡುಗಳನ್ನು ಸರಪಣಿಯಿಂದ ಜೋಡಿಸಿದ ಹೊಸ ದೊಣ್ಣೆಯೊಂದನ್ನು ತಾನೇ ಕಲ್ಪಿಸಿಕೊಂಡು ಬಂದು ಗೆಲ್ಲುತ್ತಾನೆ. ಕಲಿತದ್ದಕ್ಕೆ ತನ್ನದೊಂದನ್ನು ಕೂಡಿಸಿದಾಗಲೇ ವಿದ್ಯೆ ಪೂರ್ಣವಾಗುವುದೆಂಬ ಈ ಸೂಚನೆಗೆ ಮಾತಿನ ವಿವರಣೆ ಇಲ್ಲ, ವರಸೆಯೇ ಹೇಳುತ್ತದೆ. ಆಮೇಲೆ ಅವನು ಕೇಳುವುದು ಮೂವತ್ತಾರನೆಯ ಕೋಣೆಯನ್ನು. ಅದು ಮಠದ ಹೊರಗಿನ ಸಾಮಾನ್ಯ ಜನರಿಗೆ ಕಲಿಸುವ ಕೋಣೆ. ಸೇಡಿಗಾಗಿ ಬಂದವನು ಉಪಾಧ್ಯಾಯನಾಗಲು ಅಪ್ಪಣೆ ಕೇಳುತ್ತಾನೆ! ಇದಾದ ಬಳಿಕ ಬರುವ ಸೇಡಿನ ಭಾಗ ತೆಳುವಾಗಿದೆಯೆಂದೂ, ಅವಸರದಲ್ಲಿ ಮುಗಿದಿದೆಯೆಂದೂ ಹೇಳದೆ ವಿಧಿಯಿಲ್ಲ. ನಿರ್ದೇಶಕರಿಗೇ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲವೆಂದು ತೋರುತ್ತದೆ. ಪಾತ್ರಧಾರಿ ಗಾರ್ಡನ್ ಲಿಯು ಲಾವ್ ಮನೆತನದಲ್ಲಿಯೇ ವಿದ್ಯೆ ಕಲಿತವರಾದುದರಿಂದ ಅವರ ಆಯಾಸವೂ ಅಭ್ಯಾಸವೂ ನಟನೆಯಂತೆ ಕಾಣುವುದಿಲ್ಲ.

ಬ್ರೂಸ್ ಲೀ ಅವರ ಹೆಸರನ್ನು ಬಿಟ್ಟು ಈ ವಿಷಯವನ್ನು ಚರ್ಚಿಸುವಂತಿಲ್ಲ. ಅವರು ೧೯೭೩ರ ಜುಲೈ ೨೦ರಂದು ಮೂವತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಜಗತ್ಪ್ರಸಿದ್ಧವಾದದ್ದು ಅದೇ ವರ್ಷದ 'ಎಂಟರ್ ದಿ ಡ್ರ್ಯಾಗನ್'. ಕನ್ನಡಿಗಳ ಕೋಣೆಯ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಮೇಲಾದದ್ದು ಅವರೇ ಬರೆದು ನಿರ್ದೇಶಿಸಿದ ೧೯೭೨ರ 'ದಿ ವೇ ಆಫ್ ದಿ ಡ್ರ್ಯಾಗನ್', ಅದರಲ್ಲಿಯೂ ರೋಮಿನ ಕೊಲೊಸಿಯಮ್ಮಿನ ಕೊನೆಯ ಕಾಳಗ. ಎದುರಾಳಿ ಚಕ್ ನಾರಿಸ್ ನಿಜವಾಗಿಯೇ ಕರಾಟೆಯ ವಿಜೇತರು. ಇಬ್ಬರೂ ಮೊದಲು ತಮ್ಮ ತಮ್ಮ ಕೀಲುಗಳನ್ನು ಸಡಿಲಿಸಿಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ಗೌರವದಿಂದ ನೋಡುತ್ತಾರೆ. ನೋಡಲು ಇರುವುದು ಒಂದು ಬೆಕ್ಕಿನ ಮರಿ ಮಾತ್ರ. ಮಾತಿಲ್ಲ. ಮೊದಮೊದಲು ನಾಯಕನಿಗೇ ಪೆಟ್ಟು ಬೀಳುತ್ತದೆ, ನೆಲಕ್ಕುರುಳುತ್ತಾನೆ. ಆಮೇಲೆ ಅವನು ತನ್ನ ನಿಲುವನ್ನು ಬದಲಾಯಿಸಿ, ಕಾಲುಗಳನ್ನು ಕುಣಿಸುತ್ತ, ಎದುರಾಳಿಯ ಲೆಕ್ಕಕ್ಕೆ ಸಿಗದಂತಾಗುತ್ತಾನೆ. ಎದುರಾಳಿಗೂ ಹಾಗೆ ಬದಲಾಗಬೇಕೆಂಬ ಆಸೆ, ಆದರೆ ಕಲಿತ ಪಾಠವೇ ಅವನನ್ನು ಕಟ್ಟಿಹಾಕಿದೆ. ಕೈಯೂ ಕಾಲೂ ಮುರಿದ ಮೇಲೆ, ಸಾಕು, ಬೇಡ, ಎಂದು ನಾಯಕನು ತಲೆಯಾಡಿಸುತ್ತಾನೆ. ಅವನು ಕೇಳುವುದಿಲ್ಲ, ಸಾಯುತ್ತಾನೆ. ಗೆದ್ದವನು ಸತ್ತವನ ಅಂಗಿಯನ್ನೂ ನಡುಪಟ್ಟಿಯನ್ನೂ ತಂದು ಹೊದಿಸಿ ಮಂಡಿಯೂರುತ್ತಾನೆ. ಇಡೀ ಚಿತ್ರದ ಉಳಿದ ಭಾಗ ಸಾಧಾರಣ ಹಾಸ್ಯ. ಈ ಕೆಲವು ನಿಮಿಷಗಳು ಮಾತ್ರ ಒಂದು ಸ್ವತಂತ್ರ ಖಂಡಕಾವ್ಯ.

ಜಾಕಿ ಚಾನ್ ಅವರ ಬಗೆ ಬೇರೆ. ಹಾಂಗ್‌ಕಾಂಗಿನ ಪೀಕಿಂಗ್ ಗೀತನಾಟಕದ ಶಾಲೆಯೊಂದರಲ್ಲಿ ಎಳವೆಯಿಂದಲೇ ಪಳಗಿದ ಇವರು ಮೂಕಚಿತ್ರಗಳ ಬಸ್ಟರ್ ಕೀಟನ್ ಅವರಿಂದಲೂ ಕಲಿತರು. ಇವರ ವೀರನು ಹೆದರುತ್ತಾನೆ, ಹೊಡೆದ ಮೇಲೆ ತನ್ನ ಕೈಯೇ ನೊಂದು ಒದರಿಕೊಳ್ಳುತ್ತಾನೆ. ೧೯೮೩ರ 'ಪ್ರಾಜೆಕ್ಟ್ ಎ' ಚಿತ್ರದಲ್ಲಿ ಗಡಿಯಾರದ ಗೋಪುರದಿಂದ ಕೆಳಗಿನ ಬಟ್ಟೆಯ ಚಪ್ಪರಗಳನ್ನು ಹರಿದುಕೊಂಡು ಬೀಳುವುದನ್ನು ನೋಡಿ ನಕ್ಕವನಿಗೂ ಎದೆ ಝಲ್ಲೆನ್ನುತ್ತದೆ. ನೋವಿಲ್ಲದ ಕಾಳಗವನ್ನು ಮಕ್ಕಳಿಗೆ ತೋರಿಸುವುದಕ್ಕಿಂತ ನೋವುಳ್ಳ ಈ ನಗೆಯನ್ನು ತೋರಿಸುವುದು ಮೇಲೆಂದು ನಾವು ಭಾವಿಸುತ್ತೇವೆ.

೨೦೦೦ದಲ್ಲಿ ಆಂಗ್ ಲೀ ಅವರ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ಬಂದಾಗ, ಕಿಂಗ್ ಹೂ ಅವರ ಆ ಹಳೆಯ ನಾಯಕಿ ಚೆಂಗ್ ಪೇ-ಪೇ ಮೂವತ್ನಾಲ್ಕು ವರ್ಷಗಳ ಬಳಿಕ ದುಷ್ಟಗುರುವಿನ ಪಾತ್ರದಲ್ಲಿ ಕಾಣಿಸಿಕೊಂಡರು. ಇದರಲ್ಲಿ ಉಪಾಧ್ಯಾಯರು ಮರೆಯಲಾರದ ಒಂದು ಪ್ರಸಂಗವಿದೆ. ಆ ಹೆಂಗಸು ವೂಡಾಂಗ್ ಮಠದ ವಿದ್ಯಾಗ್ರಂಥವನ್ನು ಕದ್ದು ತಂದಿದ್ದಾಳೆ. ಆದರೆ ಅವಳಿಗೆ ಅದರ ಬರಹ ಓದಲು ಬಾರದು. ಚಿತ್ರಗಳನ್ನು ನೋಡಿಯೇ ಅಭ್ಯಾಸಮಾಡಿದ್ದಾಳೆ. ಶಿಷ್ಯೆಯಾದ ಶ್ರೀಮಂತರ ಮಗಳು ಅಕ್ಷರವನ್ನು ಓದಿ, ಗುರುವನ್ನು ಮೀರಿ ಬೆಳೆದು, ಅದನ್ನು ಗುರುವಿನಿಂದ ಮರೆಮಾಡಿದ್ದಾಳೆ. ಒಂದು ದಿನ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತು ಹೋರಾಡುವಾಗ ಗುರುವಿಗೆ ಇದು ತಿಳಿಯುತ್ತದೆ. ಗುರುಶಿಷ್ಯ ಸಂಬಂಧದ ಇಂತಹ ಕಹಿಯನ್ನು ಒಂದು ವರಸೆಯ ವ್ಯತ್ಯಾಸದಿಂದಲೇ ತಿಳಿಸುವುದು ಸಾಮಾನ್ಯ ಶಕ್ತಿಯಲ್ಲ. ಇನ್ನೊಂದೆಡೆ ಅದೇ ಶಿಷ್ಯೆಯ ಅಪೂರ್ವ ಖಡ್ಗದ ಎದುರು ಹಿರಿಯಳೊಬ್ಬಳು ಒಂದಾದ ಮೇಲೊಂದು ಆಯುಧವನ್ನು ಎತ್ತಿಕೊಳ್ಳುತ್ತಾಳೆ, ಒಂದೊಂದೂ ತುಂಡಾಗುತ್ತದೆ. ಕೊನೆಗೆ ಮುರಿದ ಕತ್ತಿಯನ್ನೇ ಕಿರಿಯಳ ಕೊರಳಿಗೆ ಒಡ್ಡಿ ನಿಲ್ಲಿಸುತ್ತಾಳೆ, ಕೊಲ್ಲುವುದಿಲ್ಲ. ಕಿರಿಯಳು ಆ ಕ್ಷಣದಲ್ಲಿಯೇ ಅವಳ ತೋಳನ್ನು ಸೀಳುತ್ತಾಳೆ. ಯಾರ ಬಳಿ ಖಡ್ಗವಿತ್ತು, ಯಾರ ಬಳಿ ವಿದ್ಯೆಯಿತ್ತು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಜಪಾನಿನ ಕತ್ತಿವೀರರ ಚಿತ್ರಗಳಿಗೆ ಬೇರೆಯೇ ಲೇಖನ ಬೇಕು. ಪ್ರಕೃತಕ್ಕೆ ಅಕಿರಾ ಕುರೊಸಾವಾ ಅವರ ೧೯೫೪ರ 'ಸೆವೆನ್ ಸಾಮುರಾಯ್' ಚಿತ್ರದ ಕ್ಯುಜೊ ಎಂಬ ಪಾತ್ರವೊಂದು ಸಾಕು. ಮಿತಭಾಷಿ. ಮೊದಲು ಕೋಲು ಹಿಡಿದು ಒಬ್ಬನೊಡನೆ ಸೆಣಸುತ್ತಾನೆ. ಎದುರಾಳಿ ಸಮವಾಯಿತೆನ್ನುತ್ತಾನೆ, ಇವನು ಅಲ್ಲವೆನ್ನುತ್ತಾನೆ, ನಿಜವಾದ ಕತ್ತಿಯಾಗಿದ್ದರೆ ನೀನು ಸತ್ತಿರುತ್ತಿದ್ದೆ ಎಂಬ ಅರ್ಥದಲ್ಲಿ. ಎದುರಾಳಿ ರೇಗಿ ಕತ್ತಿಯನ್ನೇ ಹಿರಿಯುತ್ತಾನೆ. ಇಬ್ಬರೂ ಬಹಳ ಹೊತ್ತು ಕದಲದೆ ನಿಲ್ಲುತ್ತಾರೆ, ಒಂದೇ ಬೀಸು, ಆ ಮನುಷ್ಯ ನಿಧಾನವಾಗಿ ಉರುಳುತ್ತಾನೆ. ಇಂತಹ ನಿಪುಣನು ಕೊನೆಯಲ್ಲಿ ಸಾಯುವುದು ಮರೆಯಲ್ಲಿ ಅಡಗಿದ್ದ ದರೋಡೆಕೋರನ ಗುಂಡಿನಿಂದ. ಏಳು ಮಂದಿಯಲ್ಲಿ ಸಾಯುವ ನಾಲ್ವರೂ ಗುಂಡಿಗೇ ಬಲಿಯಾಗುತ್ತಾರೆ, ಕತ್ತಿಗೆ ಒಬ್ಬನೂ ಅಲ್ಲ. ಬ್ರೂಸ್ ಲೀ ಅವರ ೧೯೭೨ರ 'ಫಿಸ್ಟ್ ಆಫ್ ಫ್ಯೂರಿ' ಚಿತ್ರವೂ ಬಂದೂಕುಗಳ ಸಾಲಿನೆದುರು ನಾಯಕನು ನೆಗೆಯುವುದರೊಡನೆ ಮುಗಿಯುತ್ತದೆ. ತನ್ನ ವಿದ್ಯೆಯ ಕಾಲ ಕಳೆಯುತ್ತಿದೆಯೆಂದು ಬಲ್ಲ ಚಿತ್ರಕ್ಕೆ ಒಂದು ಗಾಂಭೀರ್ಯ ತಾನಾಗಿ ಬರುತ್ತದೆ.

ಕನ್ನಡದಲ್ಲಿ ಈ ಹಾದಿಯಲ್ಲಿ ನಡೆದದ್ದು ಗಿರೀಶ ಕಾರ್ನಾಡರ ೧೯೭೮ರ 'ಒಂದಾನೊಂದು ಕಾಲದಲ್ಲಿ'. ಶಂಕರನಾಗ್ ಅವರು ನಾಯಕರಾಗಿ ಬೆಳಕಿಗೆ ಬಂದದ್ದು ಇದರಿಂದ. ಕುರೊಸಾವಾ ಅವರ ಪ್ರಭಾವ ಎದ್ದುಕಾಣುತ್ತದೆ, ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಪರಸ್ಪರ ವೈರಿಗಳಾದ ಒಡೆಯರ ಪಕ್ಷದಲ್ಲಿರುವ ಇಬ್ಬರು ಯೋಧರಿಗೆ ತಮ್ಮ ಒಡೆಯರಿಗಿಂತ ಎದುರಾಳಿಯೇ ಹತ್ತಿರದವನೆನಿಸುವುದು ಇದರ ತಿರುಳು. ಆಮೇಲೆ ಕನ್ನಡ ಚಿತ್ರಗಳಲ್ಲಿ ಹೊಡೆದಾಟ ಬೆಳೆದಷ್ಟು ಈ ವಿಚಾರ ಬೆಳೆಯಲಿಲ್ಲ. ಈಚಿನವುಗಳಲ್ಲಿ ಇಂಡೊನೇಷಿಯದ 'ದಿ ರೇಡ್' (೨೦೧೧) ಬಹಳ ಹೆಸರು ಪಡೆದಿದೆ. ಅಲ್ಲಿಯ ಸಿಲಾಟ್ ವಿದ್ಯೆ ಸ್ಪಷ್ಟವಾಗಿ ಕಾಣುತ್ತದೆ, ಮೈಗಳು ಸುಳ್ಳು ಹೇಳುವುದಿಲ್ಲ. ಆದರೆ ಯಾರು ಏಕೆ ಕಲಿತರೆಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲದ್ದರಿಂದ ನೋಡಿದವನಿಗೆ ದಣಿವು ಉಳಿಯುತ್ತದೆ.

ನಮ್ಮ ನೆರೆಯ ಮಲೆಯಾಳದ 'ಒರು ವಡಕ್ಕನ್ ವೀರಗಾಥ' (೧೯೮೯) ಈ ಎಲ್ಲ ಮಾತುಗಳಿಗೂ ಒರೆಗಲ್ಲಾಗಬಲ್ಲ ಚಿತ್ರ. ಎಂ. ಟಿ. ವಾಸುದೇವನ್ ನಾಯರ್ ಬರೆದು ಹರಿಹರನ್ ನಿರ್ದೇಶಿಸಿದ್ದು. ಚಂದುವಿನ ಪಾತ್ರ ಮಮ್ಮೂಟ್ಟಿ ಅವರದು. ಉತ್ತರ ಮಲಬಾರಿನ ವೀರಗೀತೆಗಳಾದ ವಡಕ್ಕನ್ ಪಾಟ್ಟುಗಳ ಕಥೆಯನ್ನು ಕಾಸರಗೋಡಿನ ಹಾಗೂ ವಯನಾಡಿನ ನಮ್ಮ ಮಿತ್ರರಲ್ಲಿ ಕೇಳದವರು ವಿರಳ. ಇಬ್ಬರ ವ್ಯಾಜ್ಯವನ್ನು ತೀರಿಸಲು ಅಂಗ ಎಂಬ ದ್ವಂದ್ವಯುದ್ಧ. ಕಾದುವವರು ವ್ಯಾಜ್ಯದವರಲ್ಲ, ಹಣ ಪಡೆದ ಚೇಕವರು. ಪರರ ಜಗಳಕ್ಕೆ ತನ್ನ ಪ್ರಾಣ. ಪುತ್ತೂರಂ ಮನೆಯ ಆರೋಮಲ್ ಚೇಕವನು ಹೀಗೆ ಅರಿಂಙೋಡರನನ್ನು ಕೊಂದನು. ಜೊತೆಗಿದ್ದ ಚಂದು ಕತ್ತಿಯ ಕೀಲುಗಳನ್ನು ಬದಲಾಯಿಸಿ ಮೋಸಮಾಡಿ, ದಣಿದು ಮಲಗಿದ್ದ ಆರೋಮಲನನ್ನು ದೀಪದ ಕಂಬದಿಂದ ಇರಿದನು, ಎಂದು ಹಾಡು. ಅಲ್ಲಿಂದ ಚಂದು ಎಂದರೆ ದ್ರೋಹಿಯೆಂದೇ ಅರ್ಥ. ೧೯೬೧ರ 'ಉಣ್ಣಿಯಾರ್ಚ' ಮೊದಲಾಗಿ ಹಿಂದಿನ ಚಿತ್ರಗಳು ಹಾಡಿನ ಪರಂಪರೆಯಲ್ಲಿಯೇ ನಡೆದವು.

ಎಂ. ಟಿ. ಅವರು ಘಟನೆಗಳನ್ನು ಬಿಡಲಿಲ್ಲ, ಅರ್ಥವನ್ನು ತಿರುಗಿಸಿದರು. ಅವರ ಚಂದು ಸೋದರರ ಮನೆಯಲ್ಲಿ ಆಶ್ರಯದ ಅನ್ನವುಂಡು, ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದೂ ಹಿಂದೆ ನಿಲ್ಲಬೇಕಾದವನು. ಅವನು ದ್ರೋಹಮಾಡಲಿಲ್ಲ, ಮಾಡಲಿಲ್ಲವೆಂದು ಹೇಳಲು ಯಾರೂ ಬಿಡಲಿಲ್ಲ. ಆದ್ದರಿಂದ ಈ ಚಿತ್ರದಲ್ಲಿ ಪ್ರತಿಯೊಂದು ಕತ್ತಿವರಸೆಯೂ ಎರಡು ಅರ್ಥವನ್ನು ಹೊತ್ತಿರುತ್ತದೆ: ಊರು ನೋಡುವ ಅರ್ಥ ಒಂದು, ನಾವು ನೋಡುವ ಅರ್ಥ ಇನ್ನೊಂದು. ಕೊನೆಗೆ ಆರೋಮಲನ ಮಗನೂ ಅವನ ಸಂಗಡಿಗನೂ ಸೇಡು ತೀರಿಸಲು ಬರುತ್ತಾರೆ. ವಯಸ್ಸಾದ ಚಂದು ಕಾದಲು ಮನಸ್ಸಿಲ್ಲದೆ ಬೇಡವೆನ್ನುತ್ತಾನೆ, ಅವರು ಬಿಡುವುದಿಲ್ಲ. ಅವನು ಆ ಹುಡುಗರಿಬ್ಬರನ್ನೂ ಸೋಲಿಸುತ್ತಾನೆ, ತನ್ನನ್ನು ಗೆಲ್ಲುವುದು ಅವರಿಂದಾಗದೆಂದು ತಿಳಿಸಿಕೊಡುತ್ತಾನೆ. ಆಮೇಲೆ ತಾನೇ ತನ್ನನ್ನು ಇರಿದುಕೊಂಡು, ಅವರು ಹಾಡಿಗೆ ಬೇಕಾದ ಗೆಲುವನ್ನು ಹೊತ್ತುಕೊಂಡು ಹೋಗಲು ಬಿಡುತ್ತಾನೆ.